ಒಂಬತ್ತನೇ ಪ್ರಶ್ನೆ: ಮನೋವೈದ್ಯಕೀಯ ಜರ್ನಲ್‌ಗೆ ಪೇಪರ್ ಕಳಿಸಿ ಕಲಿತದ್ದು

ಈ ಸಲದ ಪ್ರಾಜೆಕ್ಟ್ ಪಟ್ಟಿಯನ್ನು ನೋಟಿಸ್ ಬೋರ್ಡಿನಲ್ಲಿ ನೋಡಿದ ಜೂನಿಯರ್ ಒಬ್ಬ ಫೋಟೋ ತೆಗೆದು ನನಗೆ ಕಳಿಸಿದ. ಮೂರು ತಂಡಗಳು ‘ಮಷಿನ್ ಲರ್ನಿಂಗ್ ಬಳಸಿ ಖಿನ್ನತೆ ಪತ್ತೆ’ ಅಂತ ಬರೆದಿದ್ದವು. ಒಂದು ತಂಡ ಇಇಜಿ, ಒಂದು ಮುಖಭಾವ, ಇನ್ನೊಂದು ಧ್ವನಿ. ಫೋಟೋದ ಕೆಳಗೆ ಅವನ ಪ್ರಶ್ನೆ: “ಅಣ್ಣಾ, ನೀವೂ ಇದನ್ನೇ ಮಾಡಿದ್ರಲ್ವಾ? ಸೈಕಿಯಾಟ್ರಿ ಜರ್ನಲ್‌ಗೆ ಹಾಕ್ಬೋದಾ? ಹೇಗೆ ಹಾಕೋದು?”

ವಾಟ್ಸ್ಯಾಪಿನಲ್ಲೇ ಉತ್ತರ ಬರೆಯೋಕೆ ಕೂತೆ. ಬರೆದಷ್ಟೂ ಉದ್ದ ಆಯ್ತು. ಅದನ್ನೇ ಸ್ವಲ್ಪ ತಿದ್ದಿ ನಮ್ಮ ಕನ್ನಡ ಸಂಘದ ಪತ್ರಿಕೆಗೆ ಕೊಡ್ತಾ ಇದೀನಿ. ಪೇಪರ್ ಹಾಕೋ ವಿಧಾನ ಇದರಲ್ಲಿದೆ. ಅದಕ್ಕಿಂತ ಹೆಚ್ಚಾಗಿ, ಜರ್ನಲ್‌ನವರು ನಮಗೆ ಕೇಳಿದ, ನಮ್ಮ ಹತ್ತಿರ ಉತ್ತರವೇ ಇಲ್ಲದಿದ್ದ ಒಂದು ಪ್ರಶ್ನೆ ಇದೆ.

ನಮ್ಮ ಮೊದಲ ಪೇಪರ್

ಆರನೇ ಸೆಮಿಸ್ಟರ್‌ನಲ್ಲಿ ನಾವು ಮೂವರು ಸೇರಿ ಒಂದು ಪುಟ್ಟ ವೆಬ್ ಪುಟ ಕಟ್ಟಿ, ಅದರ ಲಿಂಕನ್ನು ಹಾಸ್ಟೆಲ್ ಗ್ರೂಪಿಗೆ ಹಾಕಿದ್ವಿ. ಅದರಲ್ಲಿ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಇತ್ತು. 2001ರಲ್ಲಿ ಪ್ರಕಟವಾದ, ಈಗ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಒಂಬತ್ತು ಪ್ರಶ್ನೆಗಳ ಪಟ್ಟಿ ಅದು. ಕಳೆದ ಎರಡು ವಾರಗಳಲ್ಲಿ ನಿದ್ದೆ ಹೇಗಿತ್ತು, ಹಸಿವು ಹೇಗಿತ್ತು, ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿತ್ತಾ ಎಂದೆಲ್ಲ ಕೇಳುತ್ತದೆ. ಪ್ರತಿ ಪ್ರಶ್ನೆಗೆ 0ಯಿಂದ 3ರವರೆಗೆ ಅಂಕ, ಒಟ್ಟು 27. ನಾವು 10 ಮತ್ತು ಅದಕ್ಕಿಂತ ಹೆಚ್ಚು ಬಂದವರನ್ನು ‘ಖಿನ್ನತೆ’ ಅಂತಲೂ ಉಳಿದವರನ್ನು ‘ನಾರ್ಮಲ್’ ಅಂತಲೂ ಲೇಬಲ್ ಮಾಡಿದ್ವಿ. ಜೊತೆಗೆ ಪ್ರತಿಯೊಬ್ಬರೂ ಮೂರು ನಿಮಿಷ ಏನಾದರೂ ಮಾತಾಡಿ ರೆಕಾರ್ಡ್ ಮಾಡಬೇಕಿತ್ತು. ಹೆಸರು ಕೇಳಿರಲಿಲ್ಲ. ‘ಎಲ್ಲವೂ ಗುಟ್ಟಾಗಿರುತ್ತೆ’ ಅಂತ ಪುಟದ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ವಿ.

ಮಾಡೆಲ್ ಓಡಿಸಿದಾಗ ನಿಖರತೆ ಶೇ. 90ರ ಮೇಲೆ ಬಂತು. ಇನ್ನೇನು ಬೇಕು? ರಾತ್ರಿ ಕೂತು ಪೇಪರ್ ಬರೆದು ಒಂದು ಮನೋವೈದ್ಯಕೀಯ ಜರ್ನಲ್‌ಗೆ ಕಳಿಸಿಯೇಬಿಟ್ವಿ.

ವಾರದೊಳಗೆ ತಿರಸ್ಕಾರದ ಪತ್ರ ಬಂತು. ಪೇಪರ್ ರಿವ್ಯೂವರ್‌ಗಳ ತನಕ ಹೋಗಿರಲೇ ಇಲ್ಲ. ಸಂಪಾದಕರು ಬರೆದದ್ದು ಮೂರೇ ಸಾಲು. ಒಂದು, ಎಥಿಕ್ಸ್ ಕಮಿಟಿಯ ಅನುಮತಿ ಇಲ್ಲ. ಎರಡು, ಪ್ರಶ್ನಾವಳಿಯ ಅಂಕ ರೋಗನಿರ್ಣಯ ಅಲ್ಲ. ಮೂರನೆಯದು ಒಂದು ಪ್ರಶ್ನೆ: “ಒಂಬತ್ತನೇ ಪ್ರಶ್ನೆಗೆ ಹೌದು ಎಂದವರಿಗಾಗಿ ನೀವು ಏನು ಮಾಡಿದಿರಿ?”

ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಗೊತ್ತಿಲ್ಲದವರಿಗೆ ಹೇಳಬೇಕು: ಸತ್ತರೆ ಒಳ್ಳೆಯದು ಎಂಬ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತಾ ಅಂತ ಅದು ಕೇಳುತ್ತದೆ.

ನಾವು ಎಕ್ಸೆಲ್ ಹಾಳೆ ತೆಗೆದು ನೋಡಿದ್ವಿ. ಆ ಕಾಲಂನಲ್ಲಿ ಸೊನ್ನೆ ಅಲ್ಲದ ಉತ್ತರ ಕೊಟ್ಟವರು ಮೂವರು. ಎರಡು ತಿಂಗಳಿಂದ ಆ ಹಾಳೆ ನಮ್ಮ ಲ್ಯಾಪ್‌ಟಾಪಿನಲ್ಲೇ ಇತ್ತು. ನಮಗೆ ಅದು ಒಂಬತ್ತನೇ ಫೀಚರ್ ಅಷ್ಟೇ ಆಗಿತ್ತು. ಆ ಮೂವರು ನಮ್ಮದೇ ಹಾಸ್ಟೆಲಿನವರು, ನಮ್ಮ ಜೊತೆಗೇ ಮೆಸ್‌ನಲ್ಲಿ ಬೆಳಿಗ್ಗೆ ಚಿತ್ರಾನ್ನಕ್ಕೆ ಕ್ಯೂ ನಿಲ್ಲೋರು. ಹೆಸರಿಲ್ಲ, ಸರಿ. ಆದರೆ ಧ್ವನಿ ಇತ್ತಲ್ಲ. ಒಂದು ರೆಕಾರ್ಡಿಂಗ್ ಹಾಕಿದ ಕೂಡಲೇ ಯಾರು ಅಂತ ನನಗೆ ಗೊತ್ತಾಯ್ತು.

ಗೈಡ್ ಮೇಡಂ ಹತ್ತಿರ ಓಡಿದ್ವಿ. ಅವರು ತಮಗೆ ಪರಿಚಯವಿದ್ದ ಮನೋವೈದ್ಯರೊಬ್ಬರಿಗೆ ಆಗಲೇ ಫೋನ್ ಮಾಡಿದರು. ಡಾಕ್ಟರು ಬೈಯಲಿಲ್ಲ. ಲಿಂಕ್ ಮುಚ್ಚಿ ಅಂದ್ರು. ಸಹಾಯ ಎಲ್ಲಿ ಸಿಗುತ್ತೆ ಅಂತ ಹಾಸ್ಟೆಲಿನ ಎಲ್ಲರಿಗೂ ಇವತ್ತೇ ಹೇಳಿ ಅಂದ್ರು. ಗುರುತು ಸಿಕ್ಕವನ ಬಗ್ಗೆ, “ಫಾರಂ ಹಿಡ್ಕೊಂಡು ಹೋಗಿ ವಿಚಾರಣೆ ಮಾಡ್ಬೇಡಿ. ಗೆಳೆಯನಾಗಿ ಹೋಗಿ. ಹೇಗಿದೀಯ ಅಂತ ನೇರವಾಗಿ ಕೇಳಿ. ಅವನು ಹೇಳೋದನ್ನ ಪೂರ್ತಿ ಕೇಳಿ. ಬೇಕಾದ್ರೆ ಇವತ್ತೇ ನನ್ನ ಹತ್ರ ಕರ್ಕೊಂಡು ಬನ್ನಿ,” ಅಂದ್ರು. ಅವತ್ತು ಸಂಜೆ ನಾನು ಅವನ ರೂಮಿನ ಬಾಗಿಲು ತಟ್ಟಿದೆ. ಮುಂದಿನದು ಅವನ ಕಥೆ, ಇಲ್ಲಿ ಬರೆಯಲ್ಲ. ಇಷ್ಟನ್ನು ಬರೆದದ್ದೂ ಅವನ ಒಪ್ಪಿಗೆ ಕೇಳಿಯೇ.

ಅಷ್ಟರಲ್ಲಿ ಪೇಪರ್ ತಿರಸ್ಕಾರವಾದ ಬೇಜಾರು ಎಲ್ಲೋ ಹೋಗಿತ್ತು.

ಕಳಿಸೋ ಮೊದಲು ಆಗಬೇಕಾದ್ದು

ಮೊದಲ ಪಾಠ: ಮನುಷ್ಯರಿಂದ ದತ್ತಾಂಶ ಪಡೆಯುವ ಅಧ್ಯಯನಕ್ಕೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಕೆಲಸ ಶುರುವಾಗುವ ಮುಂಚೆಯೇ ಬೇಕು. ಐಸಿಎಂಆರ್ 2017ರಲ್ಲಿ ಹೊರತಂದ ರಾಷ್ಟ್ರೀಯ ನೈತಿಕ ಮಾರ್ಗಸೂಚಿಗಳು ಹೇಳೋದು ಇದನ್ನೇ. ಕೆಲಸ ಮುಗಿಸಿ ಹಿಂದಿನ ತಾರೀಕಿನ ಅನುಮತಿ ಕೇಳಿದರೆ ಯಾರೂ ಕೊಡಲ್ಲ, ಕೊಡಲೂಬಾರದು. ನಮ್ಮಂಥ ಕಾಲೇಜುಗಳಲ್ಲಿ ಅಂಥ ಕಮಿಟಿ ಇಲ್ಲದೇ ಇರಬಹುದು. ಆಗ ದಾರಿ ಒಂದೇ: ಮೆಡಿಕಲ್ ಕಾಲೇಜಿನ ಮನೋವೈದ್ಯರನ್ನು ಮೊದಲ ದಿನದಿಂದಲೇ ಜೊತೆಗೆ ಸೇರಿಸಿಕೊಂಡು, ಅಲ್ಲಿನ ಕಮಿಟಿಯ ಮುಂದೆ ಪ್ರಸ್ತಾವ ಇಡೋದು. ನಾವು ಹಳೇ ದತ್ತಾಂಶವನ್ನೆಲ್ಲ ಅಳಿಸಿ ಹಾಗೇ ಮಾಡಿದ್ವಿ. ಅನುಮತಿಗೆ ನಾಲ್ಕು ತಿಂಗಳು ಹಿಡಿಯಿತು. ಒಂಬತ್ತನೇ ಪ್ರಶ್ನೆಗೆ ಹೌದು ಅಂದವರನ್ನು ಅದೇ ದಿನ, ಅದೇ ಕಟ್ಟಡದಲ್ಲಿ ವೈದ್ಯರು ನೋಡ್ತಾರೆ ಅಂತ ಈ ಸಲ ಪ್ರಸ್ತಾವದಲ್ಲೇ ಬರೆದಿದ್ವಿ.

ಎರಡನೇದು ಒಪ್ಪಿಗೆ. ‘ಐ ಅಗ್ರೀ’ ಬಟನ್ ಒತ್ತಿಸಿದರೆ ಒಪ್ಪಿಗೆ ಆಗಲ್ಲ. ಏನು ಮಾಡ್ತೀವಿ, ಯಾಕೆ, ರೆಕಾರ್ಡಿಂಗ್ ಎಲ್ಲಿರುತ್ತೆ, ಎಷ್ಟು ದಿನ ಇರುತ್ತೆ, ಬೇಡ ಅಂದ್ರೆ ಚಿಕಿತ್ಸೆಗೆ ತೊಂದರೆ ಆಗಲ್ಲ ಅನ್ನೋದನ್ನು ಅವರ ಭಾಷೆಯಲ್ಲಿ ಹೇಳಿ, ಅರ್ಥ ಆಯ್ತಾ ಅಂತ ಕೇಳಿ ಸಹಿ ಪಡೀಬೇಕು. ಒಬ್ಬ ರೋಗಿಯ ಕಥೆಯನ್ನೇ ವರದಿಯಾಗಿ ಬರೆಯೋದಾದರೆ ಪ್ರಕಟಣೆಗೂ ಬೇರೆ ಒಪ್ಪಿಗೆ ಬೇಕು. ಹೆಸರು ತೆಗೆದರೂ ಊರು, ಕಸುಬು, ಮನೆಯ ಘಟನೆ ಸೇರಿ ಗುರುತು ಹೇಳಿಬಿಡುತ್ತವೆ.

ಮೂರನೇದು ಜರ್ನಲ್ ಆಯ್ಕೆ. ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿ 1947ರಲ್ಲಿ ಹುಟ್ಟಿತು. ಅದರ ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿ 1949ರಲ್ಲಿ ನರವಿಜ್ಞಾನವನ್ನೂ ಹೆಸರಲ್ಲಿ ಸೇರಿಸಿಕೊಂಡು ಶುರುವಾಗಿ, 1958ರಿಂದ ಈಗಿನ ಹೆಸರಿನಲ್ಲಿ ಬರ್ತಿದೆ. ಅದೇ ಸಂಸ್ಥೆಯ ದಕ್ಷಿಣ ವಲಯ ಶಾಖೆಯ ಇಂಡಿಯನ್ ಜರ್ನಲ್ ಆಫ್ ಸೈಕಾಲಾಜಿಕಲ್ ಮೆಡಿಸಿನ್ 1978ರಿಂದ ಇದೆ. ಇಂಥವುಗಳ ಹಳೇ ಸಂಚಿಕೆ ತೆಗೆದು, ನಿಮ್ಮ ವಿಷಯದ ಪೇಪರ್ ಅಲ್ಲಿ ಬಂದಿದೆಯಾ ನೋಡಿ. ‘ಮೂರು ದಿನದಲ್ಲಿ ಪ್ರಕಟಣೆ ಗ್ಯಾರಂಟಿ, ಇಷ್ಟು ಸಾವಿರ ಕಟ್ಟಿ’ ಅಂತ ಮೇಲ್ ಕಳಿಸುವವರಿಂದ ದೂರ ಇರಿ. ಮೂರು ದಿನದಲ್ಲಿ ನಿಮ್ಮ ಪೇಪರನ್ನು ಯಾರೂ ಓದಿರಲ್ಲ. ಇನ್ನೊಂದು ಮಾತು: ಒಂದು ಪೇಪರ್ ಒಂದು ಹೊತ್ತಿಗೆ ಒಂದೇ ಜರ್ನಲ್‌ಗೆ. ಕ್ಯಾಂಪಸ್ ಪ್ಲೇಸ್‌ಮೆಂಟ್ ಥರ ಐದು ಕಡೆ ಒಟ್ಟಿಗೆ ಅರ್ಜಿ ಹಾಕೋ ಹಾಗಿಲ್ಲ.

ನಾಲ್ಕನೇದು ಲೇಖಕರ ಪಟ್ಟಿ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ನಾಲ್ಕು ಷರತ್ತು ಇಟ್ಟಿದೆ. ಕೆಲಸದಲ್ಲಿ ಗಣನೀಯ ಪಾಲಿರಬೇಕು, ಬರೆಯೋದರಲ್ಲಿ ಅಥವಾ ತಿದ್ದೋದರಲ್ಲಿ ಪಾಲಿರಬೇಕು, ಕೊನೇ ಪ್ರತಿಯನ್ನು ಒಪ್ಪಿರಬೇಕು, ನಾಳೆ ಪ್ರಶ್ನೆ ಬಂದರೆ ಹೊಣೆ ಹೊರಬೇಕು. ನಾಲ್ಕೂ ಬೇಕು. ಗೌರವಕ್ಕೆ ಅಂತ ಹೆಸರು ಸೇರಿಸೋ ಪದ್ಧತಿ ನಮ್ಮಲ್ಲಿ ಇದೆಯಲ್ಲ, ಅದಕ್ಕೆ ಇಲ್ಲಿ ಜಾಗ ಇಲ್ಲ. ಕೃತಜ್ಞತೆಯ ಪ್ಯಾರಾ ಇರೋದು ಅದಕ್ಕೇ.

ಸಬ್ಮಿಟ್ ಒತ್ತಿದ ಮೇಲೆ

ಆನ್‌ಲೈನ್ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಮೂರು ಕಡತ ಕೇಳ್ತಾರೆ: ಸಂಪಾದಕರಿಗೆ ಪತ್ರ, ಲೇಖಕರ ವಿವರ ಇರುವ ಶೀರ್ಷಿಕೆ ಪುಟ, ಹೆಸರುಗಳಿಲ್ಲದ ಮೂಲ ಹಸ್ತಪ್ರತಿ. ಎರಡೂ ಕಡೆಯವರಿಗೆ ಪರಸ್ಪರ ಹೆಸರು ಗೊತ್ತಾಗದ ರಿವ್ಯೂ ಆದರೆ ಹಸ್ತಪ್ರತಿಯಲ್ಲಿ ಕಾಲೇಜಿನ ಹೆಸರು, ಕಮಿಟಿಯ ಹೆಸರು, ಗಿಟ್‌ಹಬ್ ಲಿಂಕ್ ಯಾವುದೂ ಇರಬಾರದು. ವರ್ಡ್ ಕಡತದ ಪ್ರಾಪರ್ಟೀಸ್‌ನಲ್ಲಿ ನಿಮ್ಮ ಹೆಸರು ಕೂತಿರುತ್ತೆ, ಅದನ್ನೂ ಅಳಿಸಿ. ಜೊತೆಗೆ ಹಣ ಯಾರು ಕೊಟ್ಟರು, ಹಿತಾಸಕ್ತಿಯ ತಿಕ್ಕಾಟ ಇದೆಯಾ ಎಂಬ ಘೋಷಣೆ. ಅಧ್ಯಯನದ ಬಗೆಗೆ ತಕ್ಕ ಚೆಕ್‌ಲಿಸ್ಟೂ ಇರುತ್ತೆ. ಔಷಧ ಪ್ರಯೋಗಕ್ಕೆ ಕನ್ಸಾರ್ಟ್, ಸಮೀಕ್ಷೆಯಂಥವಕ್ಕೆ ಸ್ಟ್ರೋಬ್. ನಮ್ಮಂಥ ಮುನ್ಸೂಚನೆಯ ಮಾಡೆಲ್‌ಗಳಿಗೆ ಟ್ರೈಪಾಡ್. 2024ರಲ್ಲಿ ಅದರ ಎಐ ಆವೃತ್ತಿಯೂ ಬಂದಿದೆ. ಇದನ್ನು ಕೊನೆಗೆ ತುಂಬೋ ಫಾರಂ ಅಂದ್ಕೋಬೇಡಿ. ಪ್ರಾಜೆಕ್ಟ್ ಶುರುವಿನಲ್ಲೇ ಓದಿದರೆ ಅರ್ಧ ತಪ್ಪು ತಪ್ಪುತ್ತೆ.

ಆಮೇಲೆ ಸಂಪಾದಕರು ನೋಡ್ತಾರೆ. ನಮ್ಮ ಮೊದಲ ಪೇಪರ್ ಬಿದ್ದದ್ದು ಈ ಬಾಗಿಲಲ್ಲೇ. ದಾಟಿದರೆ ಇಬ್ಬರೋ ಮೂವರೋ ರಿವ್ಯೂವರ್‌ಗಳಿಗೆ ಹೋಗುತ್ತೆ. ಅವರಿಗೆ ಸಾಮಾನ್ಯವಾಗಿ ಸಂಬಳ ಇಲ್ಲ. ಓಪಿಡಿ, ವಾರ್ಡು, ಪಾಠ ಮುಗಿಸಿ ರಾತ್ರಿ ಓದ್ತಾರೆ. ಹಾಗಾಗಿ ತಿಂಗಳುಗಟ್ಟಲೆ ಆಗಬಹುದು. ಕೊನೆಗೆ ಸಂಪಾದಕರ ತೀರ್ಮಾನ: ಸ್ವೀಕಾರ, ಸಣ್ಣ ತಿದ್ದುಪಡಿ, ದೊಡ್ಡ ತಿದ್ದುಪಡಿ, ತಿರಸ್ಕಾರ. ರಿವ್ಯೂವರ್‌ಗಳು ಕೊಡೋದು ಸಲಹೆ ಮಾತ್ರ.

ರಿವ್ಯೂವರ್‌ಗಳು ಕೇಳಿದ್ದು

ನಮ್ಮ ಎರಡನೇ ಪೇಪರ್ ರಿವ್ಯೂವರ್‌ಗಳ ಕೈಗೆ ಹೋಯ್ತು. ಬಂದ ಪ್ರಶ್ನೆಗಳಲ್ಲಿ ನಾಲ್ಕನ್ನು ಹೇಳ್ತೀನಿ, ನಿಮಗೂ ಇವೇ ಬರುತ್ತವೆ.

“ಒಬ್ಬನೇ ವ್ಯಕ್ತಿಯ ಧ್ವನಿ ತರಬೇತಿಯಲ್ಲೂ ಪರೀಕ್ಷೆಯಲ್ಲೂ ಇದೆಯೆ?” ನಾವು ಮೂರು ನಿಮಿಷದ ರೆಕಾರ್ಡಿಂಗನ್ನು ಐದೈದು ಸೆಕೆಂಡಿನ 36 ತುಂಡು ಮಾಡಿ, ಎಲ್ಲರ ತುಂಡುಗಳನ್ನು ಕಲಸಿ, ಆಮೇಲೆ ಟ್ರೈನ್-ಟೆಸ್ಟ್ ಅಂತ ಒಡೆದಿದ್ವಿ. ಅಂದರೆ ಒಬ್ಬನ 30 ತುಂಡು ಈ ಕಡೆ, 6 ಆ ಕಡೆ. ಮಾಡೆಲ್ ಖಿನ್ನತೆಯನ್ನು ಕಲಿಯೋ ಅಗತ್ಯವೇ ಇರಲಿಲ್ಲ, ಆ ಮನುಷ್ಯನ ಕಂಠ ಗುರುತು ಹಿಡಿದರೆ ಸಾಕಿತ್ತು. ವ್ಯಕ್ತಿವಾರು ಒಡೆದು ಮತ್ತೆ ಓಡಿಸಿದಾಗ ಶೇ. 90ರ ಮೇಲಿದ್ದ ನಿಖರತೆ 60ರ ಆಸುಪಾಸಿಗೆ ಇಳಿಯಿತು. ಇಇಜಿ ತಂಡದವರೇ, ನಿಮ್ಮ ಎಪೋಕ್‌ಗಳನ್ನು ಇವತ್ತೇ ಒಮ್ಮೆ ನೋಡಿಕೊಳ್ಳಿ.

“ನಿಜವಾದ ಜನಸಮುದಾಯದಲ್ಲಿ ಇದರ ಅರ್ಥವೇನು?” ಲೆಕ್ಕ ಹಾಕಿ. 1,000 ಜನರಲ್ಲಿ 50 ಮಂದಿಗೆ ಖಿನ್ನತೆ ಇದೆ ಅಂದ್ಕೊಳ್ಳಿ. ನಿಮ್ಮ ಸಾಧನ ಖಿನ್ನತೆ ಇರುವವರಲ್ಲಿ ಶೇ. 90 ಮಂದಿಯನ್ನು ಹಿಡಿಯುತ್ತೆ, ಇಲ್ಲದವರಲ್ಲಿ ಶೇ. 90 ಮಂದಿಯನ್ನು ಸರಿಯಾಗಿ ಬಿಡುತ್ತೆ. ಹಾಗಾದರೆ 50ರಲ್ಲಿ 45 ಮಂದಿ ಸಿಕ್ಕಿದರು. ಉಳಿದ 950ರಲ್ಲಿ 95 ಮಂದಿಗೆ ಸುಮ್ಮಸುಮ್ಮನೆ ‘ನಿಮಗೆ ಖಿನ್ನತೆ’ ಅಂದ ಹಾಗಾಯ್ತು. ಅಂದರೆ ಸಾಧನ ಬೆರಳು ತೋರಿಸಿದ 140 ಜನರಲ್ಲಿ ಮೂರನೇ ಎರಡು ಭಾಗ ತಪ್ಪು. ಲ್ಯಾಬ್‌ನಲ್ಲಿ ಇದು ಬರೀ ಫಾಲ್ಸ್ ಪಾಸಿಟಿವ್. ಊರಲ್ಲಿ ಅದು ಒಬ್ಬರ ಮದುವೆ ಮಾತುಕತೆ, ಒಬ್ಬರ ಕೆಲಸ.

“ಕನ್ನಡದ ಪ್ರಶ್ನಾವಳಿ ಎಲ್ಲಿಂದ ಬಂತು?” ಈ ಪ್ರಶ್ನೆ ನಮ್ಮ ಕನ್ನಡ ಸಂಘಕ್ಕೇ ಕೇಳಿದ ಹಾಗಿತ್ತು! ಕೆಲವು ಸಾಲುಗಳನ್ನು ನಾವೇ ಸುಲಭ ಮಾಡೋಣ ಅಂತ ಬದಲಿಸಿ, ‘ಬೇಜಾರು’ ಅಂತ ಹಾಕಿದ್ವಿ. ಆದರೆ ಕ್ಲಾಸು ಬೋರಾದರೂ ಬೇಜಾರು, ಅಮ್ಮನ ನೆನಪಾದರೂ ಬೇಜಾರು, ಗೆಳೆಯ ದುಡ್ಡು ವಾಪಸ್ ಕೊಡದಿದ್ದರೂ ಬೇಜಾರು. ರೋಗಿ ಯಾವುದಕ್ಕೆ ಹೌದು ಅಂದರು? ಅದಕ್ಕೇ ಅನುವಾದವನ್ನು ಬೇರೆಯವರಿಂದ ಮತ್ತೆ ಮೂಲಭಾಷೆಗೆ ತಿರುಗಿಸಿ, ಹೋಲಿಸಿ, ಜನರ ಮೇಲೆ ಪರೀಕ್ಷಿಸಿದ ರೂಪವನ್ನೇ ಬಳಸಬೇಕು. ಒಂದು ಪದ ಬದಲಿಸಿದರೂ ಅಳತೆಗೋಲು ಬದಲಾಗುತ್ತೆ.

“‘ನಾರ್ಮಲ್’ ಎಂದರೆ ಯಾರು?” ನಾವು ಗುಂಪುಗಳಿಗೆ ‘ರೋಗಿಗಳು’ ಮತ್ತು ‘ನಾರ್ಮಲ್’ ಅಂತ ಹೆಸರಿಟ್ಟಿದ್ವಿ. ‘ಖಿನ್ನತೆ ಇರುವವರು’ ಮತ್ತು ‘ಹೋಲಿಕೆಯ ಗುಂಪು’ ಅನ್ನಿ ಅಂದ್ರು. ಮೊದಲು ಇದು ಬರೀ ನಾಜೂಕು ಅನ್ನಿಸಿತ್ತು. ಓಪಿಡಿಯ ಬೆಂಚಿನ ಮೇಲೆ ನಮ್ಮ ಪಕ್ಕ ಕೂತಿದ್ದ, ನಮ್ಮದೇ ವಯಸ್ಸಿನ ಡಿಪ್ಲೊಮಾ ಹುಡುಗನನ್ನು ನೆನೆಸಿಕೊಂಡ ಮೇಲೆ ಹಾಗನ್ನಿಸಲಿಲ್ಲ.

ಪ್ರಶ್ನೆಗಳು ದಾಟಿಹೋದಾಗ

ಇಷ್ಟೆಲ್ಲ ಕಾಟ ಬೇಕಾ ಅಂತ ಕೇಳುವವರಿಗೆ ಒಂದು ನಿಜವಾದ ಪ್ರಸಂಗ. ಹೆಸರು ಸ್ಟಡಿ 329. 1990ರ ದಶಕದಲ್ಲಿ ಒಂದು ಔಷಧ ಕಂಪನಿಯ ಹಣದಿಂದ ನಡೆದ ಪ್ರಯೋಗ. ಖಿನ್ನತೆ ಇದ್ದ 275 ಹದಿಹರೆಯದವರು, ಪ್ಯಾರೊಕ್ಸೆಟಿನ್ ಎಂಬ ಮಾತ್ರೆ. 2001ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯಶಾಸ್ತ್ರದ ಪ್ರಮುಖ ಜರ್ನಲ್‌ನಲ್ಲಿ 22 ಲೇಖಕರ ಹೆಸರಿನಲ್ಲಿ ಪೇಪರ್ ಬಂತು. ಮಾತ್ರೆ ಕೆಲಸ ಮಾಡುತ್ತೆ, ಸಾಮಾನ್ಯವಾಗಿ ಸಹಿಸಿಕೊಳ್ಳಬಹುದು ಅಂತ ಅದರ ಸಾರ. ಅದು ಪಿಯರ್ ರಿವ್ಯೂ ದಾಟಿಯೇ ಬಂದ ಪೇಪರ್.

ಮೂಲ ಯೋಜನೆಯಲ್ಲಿ ಅಳೆಯುತ್ತೇವೆ ಅಂದಿದ್ದ ಮುಖ್ಯ ಫಲಿತಾಂಶಗಳಲ್ಲಿ ಮಾತ್ರೆ ಗೆದ್ದಿರಲಿಲ್ಲ. ಆಮೇಲೆ ಸೇರಿಸಿದ ಬೇರೆ ಅಳತೆಗಳನ್ನು ಮುಂದಿಟ್ಟು ಗೆಲುವು ತೋರಿಸಲಾಗಿತ್ತು. ಆತ್ಮಹತ್ಯೆಯ ಯೋಚನೆ, ವರ್ತನೆಯಂಥ ಘಟನೆಗಳನ್ನು ‘ಭಾವನಾತ್ಮಕ ಏರುಪೇರು’ ಎಂಬ ಶೀರ್ಷಿಕೆಯ ಕೆಳಗೆ ಹಾಕಿದ್ದರು. ಒಂಬತ್ತನೇ ಪ್ರಶ್ನೆಯನ್ನು ನಾವು ಫೀಚರ್ ಅಂತ ಕರೆದ ಹಾಗೆಯೇ ಅಲ್ವಾ ಇದು? 2003ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಕರು 18ರ ಒಳಗಿನವರ ಖಿನ್ನತೆಗೆ ಇದನ್ನು ಕೊಡಬೇಡಿ ಅಂದರು. 2012ರಲ್ಲಿ ಕಂಪನಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು, ಈ ಮಾತ್ರೆಯನ್ನು ಮಕ್ಕಳಿಗೆ ಪ್ರಚಾರ ಮಾಡಿದ್ದೂ ಸೇರಿ ಹಲವು ಆರೋಪಗಳಿಗೆ ಒಟ್ಟು 300 ಕೋಟಿ ಡಾಲರ್ ಕಟ್ಟಲು ಒಪ್ಪಿತು. 2015ರಲ್ಲಿ ಬೇರೆ ಸಂಶೋಧಕರು ಮೂಲ ದತ್ತಾಂಶ ಪಡೆದು ಮತ್ತೆ ಲೆಕ್ಕ ಹಾಕಿ ಬಿಎಂಜೆಯಲ್ಲಿ ಪ್ರಕಟಿಸಿದರು: ಮಾತ್ರೆ ಪರಿಣಾಮಕಾರಿಯೂ ಆಗಿರಲಿಲ್ಲ, ಸುರಕ್ಷಿತವೂ ಆಗಿರಲಿಲ್ಲ.

ಪಿಯರ್ ರಿವ್ಯೂ ಎಲ್ಲವನ್ನೂ ಹಿಡಿಯಲ್ಲ ಅನ್ನೋದಕ್ಕೆ ಇದು ಸಾಕ್ಷಿ. ರಿವ್ಯೂವರ್ ಮುಂದೆ ಇರೋದು ಹಸ್ತಪ್ರತಿ ಮಾತ್ರ, ಕಪಾಟಿನ ಕಡತ ಅಲ್ಲ. ಅದಕ್ಕೇ ಈಗ ಪ್ರಯೋಗ ಶುರುವಾಗುವ ಮೊದಲೇ ಏನು ಅಳೆಯುತ್ತೇವೆ ಅಂತ ನೋಂದಣಿ ಮಾಡಿಸಬೇಕು. ನಮ್ಮ ದೇಶದ ನೋಂದಣಿ ಸಿಟಿಆರ್‌ಐ 2007ರಲ್ಲಿ ಶುರುವಾಯಿತು. ನೋಂದಣಿಯಲ್ಲಿ ಬರೆದದ್ದು ಒಂದು, ಪೇಪರಿನಲ್ಲಿ ಬರೆದದ್ದು ಇನ್ನೊಂದು ಆದರೆ ರಿವ್ಯೂವರ್‌ಗೆ ಕಾಣುತ್ತೆ.

ಉತ್ತರ ಬರೆಯೋದು

ರಿವ್ಯೂ ಓದಿದ ದಿನ ಉತ್ತರ ಬರೆಯಬೇಡಿ. ಎರಡು ದಿನ ಬಿಡಿ, ಸಿಟ್ಟು ಇಳಿಯಲಿ. 1936ರಲ್ಲಿ ಐನ್‌ಸ್ಟೈನ್ ಗುರುತ್ವ ಅಲೆಗಳ ಬಗ್ಗೆ ರೋಸೆನ್ ಜೊತೆ ಬರೆದ ಪೇಪರನ್ನು ಫಿಸಿಕಲ್ ರಿವ್ಯೂ ಒಬ್ಬ ರೆಫರಿಗೆ ತೋರಿಸಿದ್ದಕ್ಕೇ ಸಿಟ್ಟಾಗಿ ವಾಪಸ್ ತಗೊಂಡರು. ರೆಫರಿ ಹೇಳಿದ್ದ ತಪ್ಪು ನಿಜವೇ ಆಗಿತ್ತು. ಪೇಪರ್ ಕೊನೆಗೆ 1937ರಲ್ಲಿ ಬೇರೆ ಜರ್ನಲ್‌ನಲ್ಲಿ ತಿದ್ದುಪಡಿಯಾಗಿಯೇ ಬಂತು. ಅವರಿಗೇ ಹಾಗಾದರೆ ನಾವು ಯಾವ ಲೆಕ್ಕ?

ಪ್ರತಿ ಪ್ರಶ್ನೆಯನ್ನು ಹಾಗೇ ಎತ್ತಿ ಬರೆದು, ಕೆಳಗೆ ಉತ್ತರ, ಎಷ್ಟನೇ ಪುಟದಲ್ಲಿ ಏನು ಬದಲಿಸಿದಿರಿ ಅಂತ ಕೊಡಿ. ಒಪ್ಪದಿದ್ದರೆ ಕಾರಣ ಕೊಟ್ಟು ಮರ್ಯಾದೆಯಿಂದ ಹೇಳಿ, ಅದು ತಪ್ಪಲ್ಲ. ನಾವು ಒಂದು ಕಡೆ ಹಾಗೆ ಹೇಳಿದ್ವಿ. ಆದರೆ ನಿಖರತೆಯ ವಿಷಯಕ್ಕೆ ಬಂದಾಗ ಒಂದೇ ಸಾಲು ಬರೆದ್ವಿ: ರಿವ್ಯೂವರ್ ಹೇಳಿದ್ದು ಸರಿ, ಹಳೇ ಸಂಖ್ಯೆ ತಪ್ಪು, ಹೊಸದು ಇದು. ಸಾರಾಂಶದಲ್ಲೂ ಹೊಸ ಸಂಖ್ಯೆಯನ್ನೇ ಹಾಕಿದ್ವಿ. ರೆಸ್ಯೂಮೆಯಲ್ಲಿ 90 ಅಂತ ಬರೆದಿದ್ದನ್ನೂ ತಿದ್ದಬೇಕಾಯ್ತು, ಅದು ಸ್ವಲ್ಪ ಹೊಟ್ಟೆ ಉರಿಸಿತು ಬಿಡಿ.

ನಾಳೆ ನೀವೇ ರಿವ್ಯೂವರ್ ಆದರೆ

ಈಗ ಧ್ವನಿ, ಇಇಜಿ, ಎಐ ಅಂತ ಪೇಪರ್ ಬಂದರೆ ಮನೋವೈದ್ಯಕೀಯ ಜರ್ನಲ್‌ಗಳು ಎಂಜಿನಿಯರ್‌ಗಳನ್ನೂ ರಿವ್ಯೂಗೆ ಕರೆಯುತ್ತವೆ. ನಮ್ಮ ಮೇಡಂಗೂ ಕರೆ ಬಂತು. ಯಾವ ಪೇಪರ್ ಅಂತ ಕೇಳಿದರೆ ಹೇಳಲಿಲ್ಲ. ಅದು ಗುಟ್ಟಿನ ಕಡತ, ಇನ್ನೊಬ್ಬರಿಗೆ ತೋರಿಸೋ ಹಾಗಿಲ್ಲ, ಚಾಟ್‌ಬಾಟ್‌ಗೆ ಹಾಕಿ ‘ಸಾರಾಂಶ ಕೊಡು’ ಅನ್ನೋ ಹಾಗೂ ಇಲ್ಲ. ಆದರೆ ವಿಧಾನ ಹೇಳಿಕೊಟ್ಟರು. ಲೇಖಕರು ಪರಿಚಯದವರು ಅಥವಾ ಪೈಪೋಟಿಯವರು ಅನ್ನಿಸಿದರೆ ಮೊದಲೇ ಸಂಪಾದಕರಿಗೆ ಹೇಳಿ. ಪೇಪರ್ ಏನು ಹೇಳ್ತಿದೆ ಅಂತ ನಿಮ್ಮ ಮಾತಲ್ಲಿ ನಾಲ್ಕು ಸಾಲು ಬರೆಯಿರಿ. ಆಮೇಲೆ ದೊಡ್ಡ ದೋಷ, ಆಮೇಲೆ ಸಣ್ಣವು. ನಿಮಗೆ ಗೊತ್ತಿಲ್ಲದ ಭಾಗವನ್ನು ಗೊತ್ತಿಲ್ಲ ಅನ್ನಿ. ಪೇಪರನ್ನು ಟೀಕಿಸಿ, ಬರೆದವರನ್ನು ಬೇಡ.

ಕೊನೆಗೆ ಅವರು ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ: “ಲೇಖಕರಿಗೆ ಪೇಪರ್ ಬೇಕು, ಜರ್ನಲ್‌ಗೆ ಸಂಚಿಕೆ ತುಂಬಬೇಕು. ರೋಗಿಯ ಪರವಾಗಿ ಮಾತಾಡೋಕೆ ಅಲ್ಲಿ ಯಾರೂ ಇರಲ್ಲ. ಅದು ನಿಮ್ಮ ಕೆಲಸ.”

ನಮ್ಮ ಪೇಪರಿನ ಎರಡನೇ ತಿದ್ದುಪಡಿ ಕಳಿಸಿ ಐದು ವಾರ ಆಯ್ತು, ಉತ್ತರ ಇನ್ನೂ ಬಂದಿಲ್ಲ. ಬರಲಿ, ಬರದಿರಲಿ. ಮೂರೂ ತಂಡದವರಿಗೆ ನನ್ನದು ಒಂದೇ ಕೋರಿಕೆ. ಕೋಡ್ ಬರೆಯೋ ಮೊದಲು ಒಂದು ಹಾಳೆ ತಗೊಳ್ಳಿ. ಒಂಬತ್ತನೇ ಪ್ರಶ್ನೆಗೆ ಯಾರಾದರೂ ಹೌದು ಅಂದರೆ ಅವತ್ತೇ ಯಾರು ಅವರ ಹತ್ತಿರ ಹೋಗ್ತಾರೆ, ಎಷ್ಟು ಹೊತ್ತಿಗೆ, ಯಾವ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತಾರೆ ಅಂತ ಬರೆಯಿರಿ. ಆ ಹಾಳೆ ಖಾಲಿ ಇದ್ದರೆ ಲಿಂಕ್ ಹಾಕಬೇಡಿ.

ಇದನ್ನು ಓದ್ತಿರೋರಲ್ಲಿ ಆ ಪ್ರಶ್ನೆಗೆ ಹೌದು ಅನ್ನೋರು ಇದ್ದರೆ, ಅವರಿಗೂ ಒಂದು ಮಾತು. ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಮೊದಲು ಪಕ್ಕದ ರೂಮಿನ ಬಾಗಿಲು ತಟ್ಟಬೇಕು ಅನ್ನಿಸಿದರೆ ತಟ್ಟಿ. ಎಷ್ಟು ಹೊತ್ತಾದರೂ ಪರವಾಗಿಲ್ಲ.